ಮರಗೆಣಸಿನ ನೈಲಾನೂ ತಮ್ಮ ಕಚೇರಿಯ ಜೀರ್ಣಶಕ್ತಿಯೂ

ವಾರಿ ನಗರದ ಪೊಟ್ಟಣ ಸಾಮಗ್ರಿ ತಪಾಸಣಾ ಕಚೇರಿಯ ಮೇಲ್ವಿಚಾರಕರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಉಘೆಲ್ಲಿಯ ಎಗುವೊನೊ ಉಮುಕೊರೊ ಎಂಬ ಹೆಸರಿನ ನಾನು, ಮೊದಲಿಗೆ ನಮ್ಮ ಉರ್ಹೋಬೊ ಜನರ ಪದ್ಧತಿಯಂತೆ ಮಂಡಿಯೂರಿ ತಮಗೆ ‘ಮಿಗ್ವೊ’ ಎನ್ನುತ್ತೇನೆ. ಹಿರಿಯರು ‘ವ್ರೆನ್ದೊ’, ಏಳು ಮಗಳೇ, ಎನ್ನುವ ತನಕ ಕಿರಿಯರು ಏಳಬಾರದೆಂಬುದು ಇದೇ ನೆಲದಲ್ಲಿ ಹುಟ್ಟಿ ಬೆಳೆದ ತಮಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಹಿಂದಿನ ಪತ್ರಗಳಲ್ಲೂ ನಾನು ಹೀಗೆಯೇ ಮಂಡಿಯೂರಿದ್ದೆ. ಅವುಗಳಲ್ಲಿ ಯಾವುದಕ್ಕೂ ತಮ್ಮಿಂದ ‘ಏಳು’ ಎಂಬ ಮಾತು ಬಾರದಿರುವುದರಿಂದ ಕಳೆದ ಮಳೆಗಾಲದಿಂದೀಚೆಗೆ ನಾನು ಮಂಡಿಯ ಮೇಲೆಯೇ ಇರುವ ಹಾಗಾಗಿದೆ. ಈ ಭಂಗಿಯಲ್ಲಿ ನೀರು ಸೇದುವುದೂ ಸಂತೆಗೆ ನಡೆಯುವುದೂ ತುಸು ತೊಡಕೇ ಆದರೂ ತಮ್ಮ ಗೌರವದ ಮುಂದೆ ನನ್ನ ಮಂಡಿ ಯಾವ ಲೆಕ್ಕ. ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಮಾತ್ರ ಕ್ಷಮೆ ಕೋರುತ್ತೇನೆ. ಅಂಟಿಸಿದ ಲಕೋಟೆಗಳು ತಮ್ಮ ಮೇಜಿನ ಮೇಲೆ ಬಲು ಸುಖವಾಗಿ ನಿದ್ರಿಸುತ್ತವೆಂದು ಕೇಳಿದ್ದೇನೆ, ಅವುಗಳನ್ನು ಎಬ್ಬಿಸುವ ಪಾಪ ನನಗೆ ಬೇಡ.

ನಾನು ಯಾರು, ನನ್ನ ಕಸುಬೇನು ಎಂಬುದನ್ನು ತಾವು ಮರೆತಿರಬಹುದು. ಇಷ್ಟು ದೊಡ್ಡ ಕಚೇರಿಯಲ್ಲಿ ಅದು ಸಹಜ. ನಾನು ಮರಗೆಣಸಿನ ಹಿಟ್ಟಿನಿಂದ ಪೊಟ್ಟಣ ಕಟ್ಟುವ ಹಾಳೆ ಮಾಡುತ್ತೇನೆ. ನೋಡುವುದಕ್ಕೆ ಅದು ತೆಳುವಾದ ನೈಲಾನಿನಂತೆಯೇ ಇರುತ್ತದೆ, ಆದರೆ ಮಣ್ಣಿಗೋ ನೀರಿಗೋ ಬಿದ್ದರೆ ಕರಗಿ ಕೊಳೆತು ಇಲ್ಲವಾಗುತ್ತದೆ. ಗೆಣಸಿನ ಸಿಪ್ಪೆ ತೆಗೆದು, ತುರಿದು, ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಬಕೆಟ್ಟಿನ ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಎತ್ತಿಕೊಳ್ಳುವವರೆಗೆ ಇದು ನಮ್ಮೂರಿನ ಪ್ರತಿ ಹೆಂಗಸೂ ಕಣ್ಣು ಮುಚ್ಚಿ ಮಾಡುವ ಕೆಲಸ. ಅಲ್ಲಿಂದ ಮುಂದೆ ಅವರೆಲ್ಲ ಅದಕ್ಕೆ ಕೆಂಪು ತಾಳೆಎಣ್ಣೆ ಬಿಟ್ಟು, ಒಲೆಯ ಮೇಲೆ ತಿರುವಿ ತಿರುವಿ ಉಸಿ ಎಂಬ ಮುದ್ದೆ ಮಾಡಿ, ತಾಳೆಹಣ್ಣಿನ ಬಂಗಾ ಸಾರಿನಲ್ಲಿ ಅದ್ದಿ ನುಂಗಿ ನೆಮ್ಮದಿಯಾಗಿ ಮಲಗುತ್ತಾರೆ. ನಾನೊಬ್ಬಳು ಮಾತ್ರ ತಾಳೆಎಣ್ಣೆಯ ಜಾಗದಲ್ಲಿ ಗ್ಲಿಸರಿನ್ನು, ಚೂರು ವಿನೆಗರ್, ಇನ್ನಷ್ಟು ನೀರು ಹಾಕಿ, ಬಿಳುಪು ಹೋಗಿ ಕಣ್ಣಿಗೆ ಕಾಣದಷ್ಟು ತಿಳಿಯಾಗುವವರೆಗೆ ಕಾಯಿಸಿ, ಗಾಜಿನ ಮೇಲೆ ತೆಳ್ಳಗೆ ಸುರಿದು ನೆರಳಿನಲ್ಲಿ ಒಣಗಿಸುತ್ತೇನೆ. ಒಣಗಿದ ಮೇಲೆ ಮೂಲೆಗೆ ಉಗುರು ಕೊಟ್ಟು ಎತ್ತಿದರೆ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ.

ಗಾಜು ಎಲ್ಲಿಂದ ಎಂದು ತಾವು ಕೇಳಬಹುದು. ನಮ್ಮ ಮನೆಯ ಕಿಟಕಿಗಳಿಂದ. ಕಿಟಕಿಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಎಳೆದು ತೆಗೆಯಲು ಬರುತ್ತದೆ ಎಂಬುದು ಈ ದೇಶದ ಕಳ್ಳರಿಗೆ ಮೊದಲಿನಿಂದಲೂ ಗೊತ್ತಿತ್ತು, ನನಗೆ ತಡವಾಗಿ ಹೊಳೆಯಿತು. ಈಗ ನಮ್ಮ ಮನೆಯೊಳಗೆ ಗಾಳಿ, ಸೊಳ್ಳೆ, ಪಕ್ಕದ ಮನೆಯ ಜಗಳ ಎಲ್ಲವೂ ಅಡ್ಡಿಯಿಲ್ಲದೆ ಬಂದು ಹೋಗುತ್ತವೆ. ನನ್ನ ಗಂಡ ಎದಿರಿನ್ ಒಳ್ಳೆಯ ಮನುಷ್ಯ, ಮೈ ಕೆರೆದುಕೊಳ್ಳುತ್ತಾ ಒಂದೇ ಮಾತು ಹೇಳಿದ: “ಕಿಟಕಿ ಇರೋದು ಗಾಳಿಗೆ ಅಂತ ಗೊತ್ತಿತ್ತು ಕಣೇ, ನಿನ್ನ ಹಾಳೆ ಒಣಗ್ಸೋಕೆ ಅಂತ ಗೊತ್ತಿರ್ಲಿಲ್ಲ.” ಆದರೆ ಅವನ ತಾಯಿ, ಅಂದರೆ ನನ್ನ ಅತ್ತೆ ಎಜಾಯಿತಾ, ತಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ನನ್ ಕಿಟಕಿ ಮುಟ್ಟಿದ್ರೆ ಕೈ ಮುರೀತೀನಿ ನೋಡು. ತಿನ್ನೋ ಹಿಟ್ಟಲ್ಲಿ ಚೀಲ ಮಾಡೋಳು ನಾಳೆ ಚೀಲ ಬೇಯ್ಸಿ ಊಟ ಬಡ್ಸೋಕೂ ಹೇಸಲ್ಲ,” ಎಂದರು. ಅತ್ತೆಯ ಕಣ್ಣಿನಲ್ಲಿ ನಾನು ದಿನವೂ ಒಂದು ಮನೆಯವರ ರಾತ್ರಿಯೂಟವನ್ನು ಗಾಜಿನ ಮೇಲೆ ಚೆಲ್ಲಿ ಒಣಹಾಕುವ ದಂಡಪಿಂಡ.

ಹಾಗಾದರೆ ಈ ಕೆಲಸಕ್ಕೆ ಯಾಕೆ ಇಳಿದೆ ಎಂದು ಕೇಳಿದರೆ, ಕಾರಣವೂ ಅದೇ ಅತ್ತೆಯೇ. ಅವರು ನಮ್ಮ ಸಂತೆಯ ಒಣಸಿಗಡಿ ಸಾಲಿನಲ್ಲಿ ಮದುವೆಯಾಗಿ ಬಂದಂದಿನಿಂದ ಕೂತವರು. ಆ ಸಾಲಿನ ಹಿಂದೆಯೇ ಚರಂಡಿ. ಸಿಗಡಿಯನ್ನು ಕಪ್ಪು ನೈಲಾನ್ ಚೀಲಕ್ಕೆ ಸುರಿದು ಕೊಡುತ್ತಾರೆ, ಕೊಂಡವರು ಮನೆಯಲ್ಲಿ ಸಿಗಡಿಯನ್ನು ಸಾರಿಗೆ ಹಾಕಿ ಚೀಲವನ್ನು ಬೀದಿಗೆ ಬಿಡುತ್ತಾರೆ, ಬೀದಿಯಿಂದ ಅದು ತನ್ನ ತವರಿಗೆ ಬಂದಂತೆ ಸಂತೆಯ ಚರಂಡಿಗೇ ಬಂದು ಸೇರುತ್ತದೆ. ಕಳೆದ ವರ್ಷ ದೊಡ್ಡ ಮಳೆ ಹುಯ್ದ ದಿನ ಚರಂಡಿ ಕಟ್ಟಿಕೊಂಡು ನೀರು ಸಾಲಿನೊಳಕ್ಕೆ ನುಗ್ಗಿತು. ಎಲ್ಲರೂ ಎದ್ದು ಓಡಿದರು. ಅತ್ತೆ ಸಿಗಡಿಯ ಬುಟ್ಟಿಯನ್ನು ತಲೆಯ ಮೇಲೆ ಎತ್ತಿಕೊಂಡು ಹೊರಟವರು, ನೆಲ ಯಾವುದು ಚರಂಡಿ ಯಾವುದು ತಿಳಿಯದೆ ಕಾಲಿಟ್ಟು ಸೊಂಟದವರೆಗೆ ಒಳಗೆ ಹೋದರು. ಅವರನ್ನು ಮೇಲೆಳೆದಾಗ ಮುರಿದ ಕಾಲಿಗೆ ನೈಲಾನ್ ಚೀಲಗಳು ಸುತ್ತಿಕೊಂಡಿದ್ದವು. ಮೂಳೆ ಕೂರಿಸುವವರು ಕೂರಿಸಿದರು, ಕಾಲು ಕೂತಿತು, ಆದರೆ ಮೊದಲಿನ ಹಾಗೆ ಎದ್ದು ನಿಲ್ಲಲಿಲ್ಲ. ಈಗ ಅವರು ಕೋಲು ಹಿಡಿದು ಸಂತೆಗೆ ಹೋಗುತ್ತಾರೆ, ಅದೇ ಜಾಗದಲ್ಲಿ ಕೂರುತ್ತಾರೆ, ಬೇರೆ ಜಾಗ ಕೊಡುತ್ತೇವೆಂದರೆ ಬೈಯುತ್ತಾರೆ.

ಆ ಕಾಲು ನೋಡಿಯೇ ನಾನು ಈ ಹಾಳೆಗೆ ಕೈಹಾಕಿದ್ದು. ಸುದ್ದಿ ಕೇಳಿದ ಸಂತೆಯ ಯಜಮಾನಿ ನನ್ನನ್ನು ಕರೆದು, “ನೀರು ತಿಂದು ಹಾಕೋವಂಥ ನೈಲಾನು ಮಾಡ್ತೀಯಂತೆ. ಮುಂದಿನ ಮಳೆ ಒಳಗೆ ತಂದ್ಕೊಡು, ಸಿಗಡಿ ಸಾಲು ಪೂರ್ತಿ ನಿಂದೇ. ಆದ್ರೆ ಆ ವಾರಿ ಕಚೇರಿ ಮುದ್ರೆ ಬೇಕಮ್ಮ, ಇಲ್ದಿದ್ರೆ ಅವರ ಕಡೆಯೋರು ಬಂದು ಎತ್ಕೊಂಡ್ ಹೋಗ್ತಾರೆ,” ಎಂದರು. ಹೀಗೆ, ಮಾನ್ಯರೇ, ನಾನು ತಮ್ಮ ಬಾಗಿಲಿಗೆ ಬಂದೆ. ಕಪ್ಪು ನೈಲಾನು ತಮ್ಮ ಬಾಗಿಲಿಗೆ ಒಮ್ಮೆಯೂ ಬಂದದ್ದಿಲ್ಲ, ಅರ್ಜಿ ಹಾಕಿದ್ದಿಲ್ಲ, ಮುದ್ರೆ ಕೇಳಿದ್ದಿಲ್ಲ, ಆದರೂ ಅದನ್ನು ತಡೆದು ನಿಲ್ಲಿಸುವವರಿಲ್ಲ. ಕೇಳಿಕೊಂಡು ಬರುವವರನ್ನು ಮಾತ್ರ ನಿಲ್ಲಿಸಿ ವಿಚಾರಿಸುವ ತಮ್ಮ ಶಿಸ್ತು ನನಗೆ ಅಂದೇ ಮೆಚ್ಚುಗೆಯಾಯಿತು.

ತಮ್ಮ ನಿಯಮದಲ್ಲಿ “ತಯಾರಿಕೆಯ ಪ್ರತಿಯೊಂದು ಹಂತದ ಮಾದರಿಯನ್ನೂ ಸಲ್ಲಿಸತಕ್ಕದ್ದು” ಎಂದಿತ್ತು. ನಾನು ನಿಯಮಕ್ಕೆ ಹೆದರುವ ಹೆಂಗಸು. ಗೆಣಸು ಕೊಟ್ಟೆ, ಹಿಟ್ಟು ಕೊಟ್ಟೆ, ಒಲೆಯಿಂದ ಇಳಿಸಿದ ಹಂತದ್ದೂ ಬೇಕೆಂದು ಒಂದು ಪಾತ್ರೆ ಬಿಸಿ ಗಂಜಿಯನ್ನು ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಾರಿಗೆ ತಂದೆ. ದಾರಿಯಲ್ಲಿ ಅದು ಆರುತ್ತಾ ಗಟ್ಟಿಯಾಗಿ, ಹೊಳೆಯುತ್ತಾ, ಬೆರಳಿಗೆ ಎಳೆ ಬರುವ ಹದಕ್ಕೆ ಬಂದಿತ್ತು. ನಾನು ತಲುಪಿದ್ದು ಊಟದ ಹೊತ್ತಿಗೆ. ಸ್ವೀಕಾರ ವಿಭಾಗದ ಮೇಜಿನ ಮೇಲೆ ಪಾತ್ರೆಯಿಟ್ಟು, ಮೇಲೊಂದು ಚೀಟಿ ಅಂಟಿಸಿ, ತಮ್ಮ ಗುಮಾಸ್ತರು ಬರಲೆಂದು ಹೊರಗೆ ಬೆಂಚಿನ ಮೇಲೆ ಕೂತೆ. ಒಳಗೆ ಯಾರೋ ಆಗಷ್ಟೇ ಬಂಗಾ ಸಾರು ತರಿಸಿದ್ದರೆಂಬುದು ವಾಸನೆಯಿಂದ ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದೇನೂ ನನ್ನ ತಲೆಗೆ ಹೋಗಲಿಲ್ಲ. ಅಲ್ಲಿಯೇ ನಾನು ಎಡವಿದ್ದು. ಬೇರೆ ಯಾವ ದೇಶದ ಕಚೇರಿಯಲ್ಲಿಯಾದರೂ ಆ ಪಾತ್ರೆಯ ಮುಚ್ಚಳ ತೆಗೆದವರು ಅಂಟು ಎಂದೋ ಬಣ್ಣ ಎಂದೋ ತಿಳಿದು ದೂರ ಸರಿಯುತ್ತಿದ್ದರು. ನಮ್ಮ ಈ ಡೆಲ್ಟಾ ಸೀಮೆಯಲ್ಲಿ, ಸಾರು ಮುಂದಿರುವಾಗ, ಬೆಚ್ಚಗಿನ ಗೆಣಸಿನ ಮುದ್ದೆಯನ್ನು ಕಂಡು ಪೊಟ್ಟಣ ಸಾಮಗ್ರಿ ಎಂದುಕೊಳ್ಳುವ ಪ್ರಾಣಿ ಯಾವುದಿದೆ?

ನಾನು ಒಳಗೆ ಹೋದಾಗ ಪಾತ್ರೆ ತೊಳೆದಿಟ್ಟಿತ್ತು. ತಮ್ಮ ಗುಮಾಸ್ತರು ಬೆರಳು ಚೀಪುತ್ತಲೇ ನನಗೆ ಸಮಾಧಾನ ಹೇಳಿದರು. “ಅಯ್ಯೋ ಮೇಡಂ, ಅರ್ಜಿ ಹಾಕಿದೋರು ಊಟ ತಂದ್ಕೊಡೋದು ಇಲ್ಲಿ ವಾಡಿಕೆ ಅಲ್ವಾ? ಚೀಟಿ ನೋಡಿ ನಿಮ್ ಹೆಸರು ನೆನಪಲ್ಲಿ ಇಟ್ಕೊಂಡ್ವಿ. ಎಣ್ಣೆ ಒಂದು ಹಾಕಿರ್ಲಿಲ್ಲ, ಜುಗ್ಗಿ ಅಂತ ಬೈಕೊಂಡೇ ತಿಂದ್ವಿ. ಓಗಾಗೂ ಒಂದು ತುತ್ತು ಕೊಟ್ವಿ.” ಓಗಾ ಎಂದರೆ ಅವರ ದೊಡ್ಡ ಸಾಹೇಬರು, ಅಂದರೆ ತಾವು. ಮಾದರಿಯನ್ನು ಖುದ್ದು ತಾವೇ ಪರೀಕ್ಷಿಸಿದಿರೆಂದು ತಿಳಿದು ನನ್ನ ಎದೆ ತುಂಬಿಬಂತು. ಗ್ಲಿಸರಿನ್ನು ಕರುಳಿನ ಮೇಲೆ ಏನು ಕೆಲಸ ಮಾಡುತ್ತದೆಂಬುದು ಪ್ರತಿ ಔಷಧದಂಗಡಿಯವನಿಗೂ ಗೊತ್ತು, ನಾನೂ ಅದನ್ನು ಹೇಳಲು ಬಾಯಿಬಿಟ್ಟೆ, ಆದರೆ ಅಷ್ಟರಲ್ಲಿ ಸಮಯ ಮೀರಿತ್ತು. ಮರುದಿನ ಕಚೇರಿಗೆ ಬಂದವರು ಹೇಳಿದ ಪ್ರಕಾರ ಸರದಿಯ ಸಾಲು ಅರ್ಜಿಯ ಕಿಟಕಿಯ ಮುಂದಿರಲಿಲ್ಲ, ಹಿಂಭಾಗದ ಕಕ್ಕಸಿನ ಮುಂದಿತ್ತು. ಯಾವ ಕಡತವೂ ಅಲುಗಾಡದ ಕಚೇರಿಯಲ್ಲಿ ಒಂದು ದಿನವಾದರೂ ಎಲ್ಲವೂ ಚಲಿಸಿತೆಂದು ಊರು ಸಂತೋಷಪಟ್ಟಿತು. ಕೆಲವು ವಾರಗಳ ನಂತರ ತಮ್ಮ ವರದಿ ಬಂತು: “ಮಾದರಿ ಮೃದುವಾಗಿದೆ, ತುಸು ಸಿಹಿ. ಪ್ರಮಾಣ ಸಾಲದು. ಮತ್ತೊಮ್ಮೆ ಸಲ್ಲಿಸುವುದು.”

ಮತ್ತೊಮ್ಮೆ ಸಲ್ಲಿಸಿದೆ. ಈ ಸಲ ಬರೀ ಒಣಹಾಳೆಗಳು. ಹಸಿದವರ ಕಣ್ಣಿಗೂ ಅನ್ನವಾಗಿ ಕಾಣದಂಥವು. ತಾವು ಅವನ್ನು ಮಾದರಿ ಕೋಣೆಯ ಕಪಾಟಿನಲ್ಲಿ ಇಡಿಸಿದಿರಿ. ಆ ಕೋಣೆಯ ಮಾಡು ಸೋರುತ್ತದೆ, ಅದು ತಮ್ಮ ತಪ್ಪಲ್ಲ, ಮಾಡಿನ ರಿಪೇರಿಗೂ ಯಾರಾದರೂ ಅರ್ಜಿ ಹಾಕಿರುತ್ತಾರೆ. ತೇವ ತಾಗಿತು, ಹಾಳೆ ಮೆತ್ತಗಾಯಿತು, ಬೂಷ್ಟು ಹಿಡಿಯಿತು, ಇರುವೆ ಬಂತು, ಕೊನೆಗೆ ಕಪಾಟಿನಲ್ಲಿ ಒಂದು ಹಿಡಿ ಕಪ್ಪು ಮಣ್ಣು ಉಳಿಯಿತು. ತಾವು ಬರೆದಿರಿ: “ಸದರಿ ಹಾಳೆಯು ಪೂರ್ತಿಯಾಗಿ ಕೊಳೆತು ಹೋಗಿರುವ ಕಾರಣ, ಸದರಿ ಹಾಳೆಯು ಕೊಳೆಯುತ್ತದೆಂಬ ಅರ್ಜಿದಾರರ ಹೇಳಿಕೆಯನ್ನು ಪರಿಶೀಲಿಸಲು ಮಾದರಿ ಲಭ್ಯವಿಲ್ಲ. ತಿರಸ್ಕರಿಸಲಾಗಿದೆ.” ಮಾನ್ಯರೇ, ಈ ವಾಕ್ಯವನ್ನು ನಾನು ಊಟ ಬಿಟ್ಟು ಓದಿದೆ. ನಾನು ಹಿತ್ತಲಲ್ಲಿ ಹೂತು, ತೆಗೆದು, ಮತ್ತೆ ಹೂತು ಸಾಬೀತು ಮಾಡಲು ಹೆಣಗಿದ್ದನ್ನು ತಾವು ಕುರ್ಚಿಯಿಂದ ಏಳದೆ ಸಾಧಿಸಿ, ಅದೇ ಉಸಿರಿನಲ್ಲಿ ಅಲ್ಲಗಳೆದಿರಿ. ಇಂಥ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ.

ಕೊನೆಗೆ ತಮ್ಮ ಮುಂದೆ ವಿಚಾರಣೆಗೆ ಕರೆ ಬಂತು. ಅತ್ತೆ ನಾನೂ ಬರುತ್ತೇನೆಂದರು. ಯಾಕೆ ಎಂದು ಕೇಳಿದ್ದಕ್ಕೆ, “ನಿನ್ನ ಹೆಸ್ರು ಕೆಟ್ರೆ ನನ್ ಮಗನ್ ಹೆಸ್ರೂ ಕೆಡುತ್ತಲ್ಲ, ಅದಕ್ಕೆ,” ಎಂದರು. ತಮ್ಮ ಕಚೇರಿಯ ಮೆಟ್ಟಿಲುಗಳನ್ನು ಆ ಕಾಲಿನಲ್ಲಿ ಅವರು ಹತ್ತುತ್ತಿದ್ದುದನ್ನು ನೋಡಿದ ನಾನು, ಆಗಲೇ ಹಿಂದಿರುಗಿಬಿಡೋಣವೆಂದೆ, ಅವರು ಕೋಲಿನಿಂದ ನನ್ನ ಕಾಲಿಗೆ ತಟ್ಟಿ ಮುಂದೆ ನಡೆ ಎಂದರು. ನಾನು ಹೊಸದಾಗಿ ತಂದಿದ್ದ ಹಾಳೆಯನ್ನು ತಾವು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಬೆಳಕಿಗೆ ನೋಡಿ, “ಮಕ್ಕಳು ಮರಿ ಅಕಸ್ಮಾತ್ ಇದನ್ನ ಬಾಯಿಗೆ ಹಾಕ್ಕೊಂಡ್ರೆ ಯಾರ್ರೀ ಜವಾಬ್ದಾರಿ?” ಎಂದು ಕೇಳಿದಿರಿ. ತಮ್ಮ ಕಚೇರಿಯೇ ಒಂದು ಪಾತ್ರೆ ತಿಂದು ಅರಗಿಸಿಕೊಂಡದ್ದನ್ನು ನೆನಪಿಸೋಣವೆಂದು ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದು ಬಂದು ಹಾಳೆಯನ್ನು ತಮ್ಮ ಕೈಯಿಂದ ತೆಗೆದುಕೊಂಡರು, ಹರಿದರು, ಮಡಿಸಿದರು, ಬಾಯಿಗೆ ಹಾಕಿಕೊಂಡರು.

ಒಣಹಾಳೆ, ಮಾನ್ಯರೇ. ಚರ್ಮದಷ್ಟು ಬಿರುಸು. ಅವರಿಗೆ ದವಡೆಹಲ್ಲುಗಳೂ ಇಲ್ಲ. ಅಗಿದರು, ಅಗಿಯುತ್ತಲೇ ತಮ್ಮ ಮುಖ ನೋಡಿದರು, ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ನುಂಗಿದ ಮೇಲೆ ಹೇಳಿದರು: “ಉಪ್ಪಿಲ್ಲ. ಇವಳಿಗೆ ಅಡುಗೆ ಬರಲ್ಲ ಅಂತ ನಾನು ಮೊದ್ಲಿಂದ ಬಡ್ಕೊಳ್ತಾನೇ ಇದೀನಿ.” ಆಮೇಲೆ ತಮ್ಮ ಮೇಜಿನ ಮೇಲೆ ಬ್ರೆಡ್ಡು ಸುತ್ತಿಟ್ಟಿದ್ದ ಕಪ್ಪು ನೈಲಾನನ್ನು ಬಿಡಿಸಿ, ಕೊಡವಿ, ತಮ್ಮ ಮುಂದಕ್ಕೆ ತಳ್ಳಿದರು. “ನನ್ನ ಸೊಸೇದು ನಾನು ತಿಂದೆ. ನೀನು ಕಾಪಾಡ್ಕೊಂಡ್ ಬಂದಿದೀಯಲ್ಲ ಮಗಾ, ನಿಂದು ನೀನು ತಿನ್ನು. ನನ್ನ ಕಾಲಿಗೆ ಸುತ್ಕೊಂಡಿದ್ದು ಇದೇ. ನಾನೇನೂ ಅವಸರ ಮಾಡಲ್ಲ, ನಿಧಾನಕ್ಕೆ ತಿನ್ನು, ಕೂತಿರ್ತೀನಿ.” ತಾವು ಕನ್ನಡಕ ತೆಗೆದು ಒರೆಸಿದಿರಿ, ಗಡಿಯಾರ ನೋಡಿದಿರಿ, “ಮಳೆಗಾಲ ಮುಗೀಲಿ, ಆಮೇಲೆ ನೋಡೋಣ,” ಎಂದು ಎದ್ದು ಒಳಗೆ ಹೋದಿರಿ. ಮಳೆಯಲ್ಲಿ ಚರಂಡಿ ಕಟ್ಟಬಾರದೆಂದು ಮಾಡಿದ ವಸ್ತುವನ್ನು ಮಳೆ ಮುಗಿದ ಮೇಲೆ ನೋಡುವುದು. ಕೊಡೆಯನ್ನು ಬಿಸಿಲು ಬಂದ ಮೇಲೆ ಪರೀಕ್ಷಿಸುವ ತಮ್ಮ ಈ ಎಚ್ಚರಿಕೆ ಮುಂದಿನ ಪೀಳಿಗೆಗೆ ಪಾಠವಾಗಲಿ.

ಮರುದಿನ ಬೆಳಿಗ್ಗೆ ನಾನು ಹಿಟ್ಟು ಸೋಸಲು ಎದ್ದರೆ, ಅತ್ತೆಯ ಕೋಣೆಯ ಕಿಟಕಿ ಬೋಳಾಗಿತ್ತು. ಗಾಜಿನ ಪಟ್ಟಿಗಳನ್ನೆಲ್ಲ ತೆಗೆದು, ತೊಳೆದು, ಜಗಲಿಯ ಮೇಲೆ ಸಾಲಾಗಿ ಒರಗಿಸಿ, ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದರು. “ಇವು ಅಗಲ ಇದಾವೆ, ದೊಡ್ಡ ಹಾಳೆ ಬರುತ್ತೆ. ಹಾಗ್ ನೋಡ್ತಾ ನಿಲ್ಬೇಡ, ಒಲೆ ಹಚ್ಚು,” ಎಂದರು. ನಾನು ಒಲೆ ಹಚ್ಚುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ, ತಪ್ಪನ್ನು ಹೊಗೆಯ ಮೇಲೆ ಹಾಕಿದೆ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಈಗ ವಿನಂತಿಗಳು. ನಾನು ಮುದ್ರೆ ಕೇಳುವುದನ್ನು ಬಿಟ್ಟಿದ್ದೇನೆ, ಅದು ತಮ್ಮ ಬಳಿಯೇ ಕ್ಷೇಮವಾಗಿರಲಿ. ಬದಲಿಗೆ ತಾವು ಮೋಡಗಳಿಗೆ ಒಂದು ಸುತ್ತೋಲೆ ಹೊರಡಿಸಿ, ವಿಚಾರಣೆ ಮುಗಿಯುವ ತನಕ ಉಘೆಲ್ಲಿಯ ಮೇಲೆ ಸುರಿಯತಕ್ಕದ್ದಲ್ಲವೆಂದು ತಿಳಿಸಬೇಕು. ಹಾಗಿದ್ದೂ ಸುರಿಯುವುದಾದರೆ ಹನಿಗಳ ಮಾದರಿಯನ್ನು ಮುಂಚಿತವಾಗಿ ಸಲ್ಲಿಸಬೇಕು. ಚರಂಡಿಯಲ್ಲಿ ನೆಲೆಸಿರುವ ಕಪ್ಪು ಚೀಲಗಳಿಗೂ ನೋಟಿಸು ಕೊಟ್ಟು, ನನ್ನಂತೆ ಮಂಡಿಯೂರಿ ಬಂದು, ಇನ್ನೂ ಕೊಳೆಯದಿರುವುದಕ್ಕೆ ಕಾರಣ ಹೇಳುವಂತೆ ಮಾಡಬೇಕು. ಇವೆರಡೂ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದಾದರೆ ಬೇಸರವಿಲ್ಲ, ಯಾವುದು ಬರುತ್ತದೆ ಎಂಬುದನ್ನಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ತಮ್ಮ ಗಮನಕ್ಕೆ ಇನ್ನೊಂದು ಸಂಗತಿ. ಬರುವ ಸಂತೆಯಿಂದ ಸಿಗಡಿ ಸಾಲಿನ ಹೆಂಗಸರೆಲ್ಲ ಮುದ್ರೆಯಿಲ್ಲದೆಯೇ ನನ್ನ ಹಾಳೆಯಲ್ಲಿ ಪೊಟ್ಟಣ ಕಟ್ಟುವುದೆಂದು ಗೊತ್ತುಮಾಡಿಕೊಂಡಿದ್ದಾರೆ. ವಿಚಾರಣೆಯಲ್ಲಿ ನಡೆದದ್ದನ್ನು ಅತ್ತೆ ಸಂತೆಯಲ್ಲಿ ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದರೆಂದು ಕಾಣುತ್ತದೆ. ಯಜಮಾನಿ ಎಲ್ಲವನ್ನೂ ಕೇಳಿ, “ಎಜಾಯಿತಾ ಹೊಟ್ಟೇಲೇ ಪಾಸಾಗಿದೆ ಅಂದ್ಮೇಲೆ ಇನ್ಯಾವ ಮುದ್ರೆ?” ಎಂದು ಹೇಳಿ ಎದ್ದುಬಿಟ್ಟರು. ತಮ್ಮ ಕಡೆಯವರು ಬಂದು ಹಾಳೆಗಳನ್ನು ವಶಪಡಿಸಿಕೊಳ್ಳಬಹುದು, ಯಾರೂ ಅಡ್ಡ ಬರುವುದಿಲ್ಲ. ಮಾದರಿ ಕೋಣೆಯಲ್ಲೇ ಇಡಿ. ಮೊಕದ್ದಮೆ ವಿಚಾರಣೆಗೆ ಬರುವ ಹೊತ್ತಿಗೆ ಸಾಕ್ಷ್ಯ ಇರುವುದಿಲ್ಲ.

ಇಷ್ಟು ಹೊತ್ತು ನಗುತ್ತಾ ಬರೆದೆ, ಮಾನ್ಯರೇ, ಆದರೆ ನನಗೆ ಭಯವಾಗಿದೆ. ಒಂದು ಸಾಲಿನ ಪೊಟ್ಟಣಗಳು ಬದಲಾದ ಮಾತ್ರಕ್ಕೆ ಚರಂಡಿ ಬರಿದಾಗುವುದಿಲ್ಲ. ಕಳೆದ ವರ್ಷದ್ದು, ಅದರ ಹಿಂದಿನ ವರ್ಷದ್ದು, ನಾನು ಹುಟ್ಟಿದ ವರ್ಷದ್ದು, ಎಲ್ಲ ಅಲ್ಲಿಯೇ ಇವೆ. ಸಂತೆಯ ಹೆಂಗಸರು ಸಲಿಕೆ ಹಿಡಿದು ಎತ್ತಲು ಶುರುಮಾಡಿದ್ದಾರೆ. ತಾವು ಕಳೆದ ವರ್ಷವೇ ಒಂದು ಮುದ್ರೆ ಒತ್ತಿದ್ದರೆ ಈ ಹೊತ್ತಿಗೆ ಎಷ್ಟೋ ಮುಗಿದಿರುತ್ತಿತ್ತು. ಮಧ್ಯಾಹ್ನದ ಮೋಡ ಆಗಲೇ ಕಪ್ಪಾಗುತ್ತಿದೆ. ನೀರು ಬಂದರೆ ಉಳಿದವರು ಓಡುತ್ತಾರೆ, ನನ್ನ ಅತ್ತೆಗೆ ಓಡಲಾಗುವುದಿಲ್ಲ, ಜಾಗ ಬದಲಿಸಲೂ ಒಪ್ಪುವುದಿಲ್ಲ. ಅದಕ್ಕಾಗಿ ನನ್ನ ಕೊನೆಯ ವಿನಂತಿ ಇಷ್ಟೇ. ಮೊದಲ ದೊಡ್ಡ ಮಳೆಯ ದಿನ ತಾವು ದಯವಿಟ್ಟು ಸಂತೆಗೆ ಬಂದು ಅವರ ಪಕ್ಕದಲ್ಲಿ ಕೂರಬೇಕು. ಅವರು ಸರಿದು ಜಾಗ ಕೊಡಲು ಒಪ್ಪಿದ್ದಾರೆ. ಬಹಳ ಭಾರವೇನಿಲ್ಲ, ಈ ವರ್ಷ ಇಳಿದುಹೋಗಿದ್ದಾರೆ. ನೀರು ಮಂಡಿಗೆ ಬಂದಾಗ ಬೆನ್ನ ಮೇಲೆ ಹೊತ್ತುಕೊಂಡು ದಾಟಿಸಿದರೆ ಸಾಕು. ಚರಂಡಿ ಎಲ್ಲಿದೆ ಎಂಬುದನ್ನು ಅವರೇ ದಾರಿಯಲ್ಲಿ ಹೇಳುತ್ತಾರೆ, ಅದು ಅವರ ಕಾಲಿಗೆ ಗೊತ್ತು.

ತಮ್ಮ ಕಚೇರಿಯ ಮೇಲೆ ಇನ್ನೂ ನಂಬಿಕೆ ಉಳಿಸಿಕೊಂಡಿರುವ ಏಕೈಕ ವ್ಯಕ್ತಿ ಎಂಬ ಹೆಮ್ಮೆಯಿಂದ,

ತಮ್ಮ ವಿಶ್ವಾಸಿ,
ಎಗುವೊನೊ ಉಮುಕೊರೊ
ಒಣಸಿಗಡಿ ಸಾಲಿನ ಹಿಂದೆ, ಚರಂಡಿಯ ಮಗ್ಗುಲು, ಉಘೆಲ್ಲಿ

ಮರೆತ ಮಾತು: ವಿಚಾರಣೆ ಮುಂದೂಡಿದ ತಮ್ಮ ಆದೇಶ ನನಗೆ ಕಪ್ಪು ನೈಲಾನ್ ಚೀಲದೊಳಗೆ ಭದ್ರವಾಗಿ ತಲುಪಿತು. ಆದೇಶದ ಮಸಿ ತೇವಕ್ಕೆ ಹರಡಿ, ತಮ್ಮ ಸಹಿಯೂ ಹುದ್ದೆಯೂ ಆಗಲೇ ಓದಲು ಬಾರದಂತಾಗಿವೆ. ಚೀಲ ಮಾತ್ರ ಹೊಸದರಂತಿದೆ, ಈ ಪತ್ರದೊಂದಿಗೆ ಹಿಂದಿರುಗಿಸಿದ್ದೇನೆ. ಜೋಪಾನವಾಗಿ ಇಟ್ಟುಕೊಳ್ಳಿ, ತಮ್ಮ ಮರಿಮಕ್ಕಳು ‘ಅಜ್ಜ ಈ ಊರಿಗೆ ಏನು ಬಿಟ್ಟುಹೋದರು?’ ಎಂದು ಕೇಳಿದಾಗ ತೋರಿಸಲು ಬೇಕಾಗುತ್ತದೆ.